ಭಾರತ ಹುಣ್ಣಿಮೆಯ ಆಚೀಚೆ: ದಾವಣಗೆರೆಯಿಂದ ದುರ್ಗದವರೆಗೆ ಗೂಬೆ ಜೋಡಿಗಳ ಜಾಡಿನಲ್ಲಿ

ಮೊದಲ ದಿನ: ಮಲೆಬೆನ್ನೂರಿನ ಗದ್ದೆ ಬಯಲು

ಭಾರತ ಹುಣ್ಣಿಮೆಗೆ ಇನ್ನೆರಡು ದಿನವಿತ್ತು. ಬೆಳಗಿನ ರೈಲು ದಾವಣಗೆರೆಗೆ ಬಂದಾಗ ಚಳಿ ಇನ್ನೂ ಬಿಟ್ಟಿರಲಿಲ್ಲ. ಬೆಣ್ಣೆ ದೋಸೆ ತಿಂದು, ಖಾರ ಮಂಡಕ್ಕಿ ಕಟ್ಟಿಸಿಕೊಂಡು ಹರಿಹರದ ದಾರಿ ಹಿಡಿದದ್ದಾಯಿತು. ರಾತ್ರಿ ಹೊತ್ತು ಕಾಯುವವರಿಗೆ ಮಂಡಕ್ಕಿ ಒಳ್ಳೆಯ ಬುತ್ತಿ. ಪ್ಲಾಸ್ಟಿಕ್ ಪೊಟ್ಟಣದಲ್ಲಿ ಮಾತ್ರ ತರಬಾರದು, ಅದರ ಚರಚರ ಸದ್ದಿಗೆ ಗೂಬೆ ನೂರು ಮೀಟರ್ ಆಚೆಯಿಂದಲೇ ತಲೆ ತಿರುಗಿಸುತ್ತದೆ. ಬಟ್ಟೆ ಚೀಲವೇ ಸರಿ.

ಫೆಬ್ರುವರಿಯನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ನವೆಂಬರಿನಿಂದ ಏಪ್ರಿಲ್‌ವರೆಗೆ ನಮ್ಮ ಬಯಲುಸೀಮೆಯ ಬಹುತೇಕ ಗೂಬೆಗಳು ಸಂಸಾರ ಹೂಡುವ ಕಾಲ. ಎಲೆ ಉದುರಿ ಮರಗಳು ಬಯಲಾಗಿರುತ್ತವೆ. ಬೆಳದಿಂಗಳೂ ಬೇಕು. ಸ್ಪೇನಿನಲ್ಲಿ ಕೊಂಬಿನ ಗೂಬೆಗಳ (ತಲೆಯ ಮೇಲೆ ಕೊಂಬಿನಂಥ ಗರಿಯಿರುವ, ಇಂಗ್ಲಿಷಿನಲ್ಲಿ ಈಗಲ್ ಔಲ್ ಎನ್ನುವ ಗೂಬೆ) ಮೇಲೆ ನಡೆದ ಅಧ್ಯಯನದಲ್ಲಿ ಅವು ಕತ್ತಲ ರಾತ್ರಿಗಿಂತ ಬೆಳದಿಂಗಳ ರಾತ್ರಿಯಲ್ಲೇ ಹೆಚ್ಚು ಕೂಗುವುದು ಕಂಡುಬಂದಿದೆ. ಗೂಬೆ ಎಂದರೆ ಅಮಾವಾಸ್ಯೆ ಎನ್ನುವ ನಮ್ಮ ಲೆಕ್ಕಕ್ಕೆ ಇದು ಪೂರಾ ತದ್ವಿರುದ್ಧ.

ಮಲೆಬೆನ್ನೂರಿನ ಸುತ್ತ ಭದ್ರಾ ನಾಲೆಯ ನೀರು ಹರಿದು ಗದ್ದೆಗಳೆಲ್ಲ ಹಸಿರಾಗಿದ್ದವು. ಭತ್ತ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಕಣಜ ಗೂಬೆ. ನಿಂತುಹೋದ ಒಂದು ಅಕ್ಕಿ ಗಿರಣಿಯ ಗೋಡೆಯ ಮೇಲೆ ಸುಣ್ಣ ಸುರಿದಂತೆ ಬಿಳಿ ಹಿಕ್ಕೆ, ಕೆಳಗೆ ಹೆಬ್ಬೆರಳು ಗಾತ್ರದ ಕಪ್ಪು ಉಂಡೆಗಳು. ಗೂಬೆ ಇಲಿಯನ್ನು ಇಡಿಯಾಗಿ ನುಂಗಿ, ಜೀರ್ಣವಾಗದ ಮೂಳೆ ಕೂದಲನ್ನು ಹೀಗೆ ಕಕ್ಕುತ್ತದೆ. ಉಂಡೆ ಮಿರಮಿರ ಮಿಂಚುತ್ತ ಒದ್ದೆಯಿದ್ದರೆ ಹಿಂದಿನ ರಾತ್ರಿಯದು. ಬೂದಿ ಬಣ್ಣಕ್ಕೆ ತಿರುಗಿ ಮುಟ್ಟಿದರೆ ಪುಡಿಯಾಗುವುದು ಹಳೆಯದು. ಗೂಬೆ ಈಗಲೂ ಇಲ್ಲೇ ಇದೆಯೇ ಎಂದು ತಿಳಿಯಲು ಗೂಡಿಗೆ ಇಣುಕಬೇಕಿಲ್ಲ, ನೆಲ ನೋಡಿದರೆ ಸಾಕು.

ಕಾವಲಿನ ಹಿರಿಯರು ಬೀಡಿ ಹಚ್ಚಿಕೊಂಡು ಬಂದರು. “ಇದು ಕೂಗಿದ್ರ ಕೇಡು ಅಂತಾರ್ರೀ. ಆದ್ರ ಇದು ಬಂದ್ಮ್ಯಾಲೆ ಪಕ್ಕದ ಗೋಡೌನಾಗ ಚೀಲ ತೂತು ಬೀಳಾದು ಕಮ್ಮಿ ಆಗೇತಿ ನೋಡ್ರಿ” ಎಂದರು. ಊರಿನ ಕೇಡಿಗೆಲ್ಲ ಯಾರದೋ ತಲೆ ಮೇಲೆ ಗೂಬೆ ಕೂರಿಸುವ ಮಾತು ನಮ್ಮಲ್ಲಿದೆ. ಈ ಗಿರಣಿಯಲ್ಲಿ ಗೂಬೆ ತಾನಾಗಿ ಬಂದು ಕೂತಿದೆ, ಲಾಭ ಊರಿಗೇ ಆಗಿದೆ.

ಸೂರ್ಯ ಮುಳುಗಿದ ಇಪ್ಪತ್ತು ನಿಮಿಷಕ್ಕೆ ಗಂಡು ಹೊರಬಂತು. ಕಣಜ ಗೂಬೆ ‘ಗೂ’ ಎನ್ನುವುದೇ ಇಲ್ಲ. ಬಟ್ಟೆ ಹರಿದಂತೆ, ಎರಡು ಸೆಕೆಂಡಿನಷ್ಟು ಉದ್ದದ ಕರ್ಕಶ ಕಿರುಚು. ಅದನ್ನು ಹಾರುತ್ತಲೇ ಕೂಗುತ್ತ, ಗಿರಣಿಯ ಸುತ್ತ ಸುತ್ತು ಹೊಡೆಯುತ್ತದೆ. ಈ ಜಾಗ ನನ್ನದು, ಇಲ್ಲೊಂದು ಗೂಡಿದೆ ಎಂದು ಸಾರುವ ಹಾರಾಟವಿದು. ಹೆಣ್ಣು ಮುರಿದ ಕಿಟಕಿಯ ಚೌಕಟ್ಟಿನ ಮೇಲೆ ಬಂದು ಕೂತಾಗ ಆಟವೇ ಬದಲಾಯಿತು. ಗಂಡು ಅದರ ಎದುರಿಗೆ ಬಂದು, ಕಾಲು ಇಳಿಬಿಟ್ಟು, ದೀಪದ ಮುಂದಿನ ಪತಂಗದಂತೆ ನಿಂತಲ್ಲೇ ರೆಕ್ಕೆ ಬಡಿಯಿತು. ಐದೋ ಆರೋ ಸೆಕೆಂಡು ಅಷ್ಟೇ. ಸಾಮಾನ್ಯವಾಗಿ ಗೂಬೆಯ ರೆಕ್ಕೆ ಸದ್ದು ಮಾಡದು. ರೆಕ್ಕೆಯ ಮುಂಚೂಣಿ ಗರಿಯ ಅಂಚಿನಲ್ಲಿ ಬಾಚಣಿಗೆಯಂಥ ಹಲ್ಲುಗಳಿವೆ, ಮೇಲ್ಮೈ ಮಖಮಲ್ಲಿನಂತಿದೆ, ಹಿಂದಿನ ಅಂಚಿನಲ್ಲಿ ಕುಚ್ಚಿದೆ. ಗಾಳಿ ಸೀಳುವ ಸದ್ದನ್ನು ಈ ಮೂರೂ ಸೇರಿ ಅಡಗಿಸುತ್ತವೆ. ಅಂಥ ಹಕ್ಕಿ ಜೋಡಿಯ ಮುಂದೆ ಬೇಕೆಂದೇ ರೆಕ್ಕೆ ಚಟ್ಟೆಂದು ಬಡಿಯುವುದುಂಟು.

ಆಮೇಲೆ ಶುರುವಾದದ್ದು ಗೊರಕೆ. ಕಿಟಕಿಯೊಳಗಿಂದ ಹೆಣ್ಣು ಎಡೆಬಿಡದೆ ‘ಶ್‌ಶ್‌ಶ್’ ಎಂದು ಬೇಡುತ್ತಿತ್ತು. ಮೊಟ್ಟೆಯಿಡುವ ಮುಂಚಿನ ವಾರಗಳಲ್ಲಿ ಹೆಣ್ಣು ಬೇಟೆಯನ್ನು ಹೆಚ್ಚುಕಡಿಮೆ ಬಿಟ್ಟೇಬಿಡುತ್ತದೆ. ಗಂಡು ತಂದದ್ದನ್ನು ತಿಂದೇ ತೂಕ ಹೆಚ್ಚಿಸಿಕೊಳ್ಳಬೇಕು. 7:10ಕ್ಕೆ ಒಂದು ಇಲಿ, 7:38ಕ್ಕೆ ಇನ್ನೊಂದು. ಇಲಿ ಕೈಬದಲಾದಾಗೆಲ್ಲ ಸಣ್ಣ ಚಿಲಿಪಿಲಿ, ಬೆನ್ನಿಗೇ ಕೂಡುವಿಕೆ. ಕಾವು ಕೂತ ಮೇಲೂ ಈ ಜೋಡಿಗಳು ಕೂಡುವುದನ್ನು ನಿಲ್ಲಿಸುವುದಿಲ್ಲ. ಅದು ಮೊಟ್ಟೆಗಷ್ಟೇ ಮೀಸಲಾದ ಕೆಲಸವಾಗಿ ಉಳಿಯದೆ ಜೋಡಿಯನ್ನು ಕಟ್ಟಿಹಾಕುವ ದಾರವೂ ಆಗಿರುವಂತಿದೆ.

ಆಯ್ಕೆ ಹೆಣ್ಣಿನದಷ್ಟೇ ಅಂದುಕೊಳ್ಳಬಾರದು. ಹೆಣ್ಣು ಕಣಜ ಗೂಬೆಯ ಎದೆಯ ಮೇಲೆ ಗಂಡಿಗಿಂತ ದೊಡ್ಡ, ಹೆಚ್ಚು ಕಪ್ಪು ಚುಕ್ಕೆಗಳಿರುತ್ತವೆ. ಸ್ವಿಟ್ಜರ್ಲೆಂಡಿನ ಅಧ್ಯಯನಗಳಲ್ಲಿ ಹೆಚ್ಚು ಚುಕ್ಕೆಯ ಹೆಣ್ಣುಗಳ ಮರಿಗಳು ಪರಾವಲಂಬಿ ನೊಣಗಳನ್ನು ಚೆನ್ನಾಗಿ ತಡೆದುಕೊಂಡವು. ಗಂಡು ಆ ಚುಕ್ಕೆಗಳನ್ನು ಓದಿಕೊಳ್ಳುತ್ತದೆ.

ವಾಪಸು ಹೊರಟಾಗ ಗದ್ದೆ ಬದುವಿನಲ್ಲಿ ಸಿಕ್ಕ ರೈತರೊಬ್ಬರು ಇಲಿಗೆ ಬ್ರೋಮಾಡಿಯೋಲೋನ್ ಬಿಲ್ಲೆ ಇಡುವುದಾಗಿ ಹೇಳಿದರು. ಅದನ್ನು ತಿಂದ ಇಲಿ ಕೂಡಲೇ ಸಾಯುವುದಿಲ್ಲ. ಹಲವು ದಿನ ತೂರಾಡುತ್ತ ಬಯಲಲ್ಲೇ ಓಡಾಡುತ್ತದೆ, ಎಲ್ಲಕ್ಕಿಂತ ಮೊದಲು ಗೂಬೆಗೆ ಸಿಗುವುದೇ ಅದು. ಗಂಡು ಪ್ರೀತಿಯಿಂದ ತಂದುಕೊಡುವ ತುತ್ತಿನಲ್ಲೇ ವಿಷವಿರುತ್ತದೆ, ಉಣ್ಣುವುದು ಮೊಟ್ಟೆಯಿಡಲಿರುವ ಹೆಣ್ಣು. ಬಿಲ್ಲೆಯ ಬದಲು ಗದ್ದೆಯಲ್ಲಿ ಇಂಗ್ಲಿಷಿನ ಟಿ ಆಕಾರದ ಕೋಲು ನೆಡಬಹುದು, ಪೈರಿಗಿಂತ ಎರಡು ಮೂರು ಅಡಿ ಎತ್ತರಕ್ಕಿದ್ದರೆ ಗೂಬೆ ಕೂತು ಬೇಟೆಯಾಡುತ್ತದೆ. ಪೆಟ್ಟಿಗೆ ಗೂಡು ಇಡುವುದಾದರೆ ಬಾಗಿಲು 13 ಸೆಂಟಿಮೀಟರ್ ಚೌಕವಿರಲಿ. ಬಾಗಿಲಿನಿಂದ ತಳಕ್ಕೆ ಕನಿಷ್ಠ 45 ಸೆಂಟಿಮೀಟರ್ ಆಳವಿರಲೇಬೇಕು. ಇಲ್ಲಿ ತಪ್ಪುವವರೇ ಹೆಚ್ಚು. ಆಳ ಕಡಿಮೆಯಾದರೆ, ತುತ್ತಿಗಾಗಿ ನುಗ್ಗುವ ಮರಿಗಳು ಹಾರಲು ಬರುವ ಮೊದಲೇ ಬಾಗಿಲಿಂದಾಚೆ ಬೀಳುತ್ತವೆ. ರೈತರು ಅಳತೆಯನ್ನು ಬೀಡಿ ಕಟ್ಟಿನ ಕಾಗದದ ಮೇಲೆ ಬರೆಸಿಕೊಂಡರು.

ಎರಡನೇ ದಿನ: ಭರಮಸಾಗರದ ಕಡೆಯ ಹುಣಸೆ ತೋಪು

ಆನಗೋಡು ದಾಟಿ ಹೆದ್ದಾರಿ ಬಿಟ್ಟು ಮಣ್ಣಿನ ದಾರಿ ಹಿಡಿದದ್ದೇ ಬೈಕಿನ ಹಿಂದಿನ ಚಕ್ರಕ್ಕೆ ಜಾಲಿ ಮುಳ್ಳು. ಈ ಭಾಗದಲ್ಲಿ ಬೇಲಿ ಜಾಲಿಯ ಕೊಂಬೆಯನ್ನು ದಾರಿಗೆ ಅಡ್ಡ ಎಳೆದಿರುತ್ತಾರೆ, ತೆಗೆದ ಮೇಲೂ ಮುಳ್ಳು ಮಣ್ಣಲ್ಲಿ ಉಳಿದಿರುತ್ತದೆ. ಟ್ಯೂಬ್ ಇಲ್ಲದ ಟೈರ್ ಮತ್ತು ಪಂಕ್ಚರ್ ಪಟ್ಟಿ ಇಲ್ಲದೆ ಬರಬಾರದು. ಒಂದು ಗಂಟೆ ಹೋಯಿತು. ಅಷ್ಟರಲ್ಲಿ ತೋಪಿನಲ್ಲಿ ಹುಣಸೆ ಬಡಿಯುತ್ತಿದ್ದ ಹೆಣ್ಣುಮಕ್ಕಳು ಕರೆದು ಮುದ್ದೆ, ಅವರೆಕಾಳಿನ ಸಾರು ಬಡಿಸಿದರು. ಸೊಗಡಿನ ಅವರೆಯ ಕಾಲ ಮುಗಿಯುತ್ತ ಬಂದಿತ್ತು, ರುಚಿ ಮಾತ್ರ ಮುಗಿದಿರಲಿಲ್ಲ.

ಅವರೇ ತೋರಿಸಿದ್ದು, ಹಳೆಯ ಹುಣಸೆಯ ಪೊಟರೆಯ ಬಾಯಲ್ಲಿ ಒಂದಕ್ಕೊಂದು ಒತ್ತಿಕೊಂಡು ಕೂತಿದ್ದ ಎರಡು ಹಾಲಕ್ಕಿ. 21 ಸೆಂಟಿಮೀಟರಿನ ಗೂಬೆ, ಕಂದು ಮೈಮೇಲೆ ಬಿಳಿ ಚುಕ್ಕೆ, ಹಳದಿ ಕಣ್ಣು. “ಬುಡಬುಡಿಕೆಯೋರು ಹಾಲಕ್ಕಿ ನುಡಿತೈತೆ ಅಂತಾರಲ್ಲ, ಆ ಹಾಲಕ್ಕಿ ಇದೇಯಾ” ಎಂದು ಒಬ್ಬಾಕೆ ನಕ್ಕಳು. ಇದೇ. ಅದು ನಿಜಕ್ಕೂ ನುಡಿಯುತ್ತದೆ, ತನ್ನ ಜೋಡಿಯೊಂದಿಗೆ.

ನಮ್ಮನ್ನು ಕಂಡೊಡನೆ ಎರಡೂ ತಲೆ ಮೇಲೆ ಕೆಳಗೆ ಕುಣಿಸಿದವು. ಇದನ್ನು ಪ್ರಣಯದ ಕುಣಿತ ಎಂದು ಬರೆದುಕೊಳ್ಳುವವರಿದ್ದಾರೆ, ಅದು ತಪ್ಪು. ಗೂಬೆಯ ಕಣ್ಣುಗುಡ್ಡೆ ತನ್ನ ಕುಳಿಯಲ್ಲಿ ತಿರುಗುವುದಿಲ್ಲ. ದೂರ ಅಳೆಯಬೇಕಾದರೆ ಇಡೀ ತಲೆಯನ್ನೇ ಅತ್ತಿತ್ತ ಆಡಿಸಬೇಕು. ಕುತ್ತಿಗೆಯಲ್ಲಿ 14 ಮೂಳೆ, ತಿರುಗು ಸುಮಾರು 270 ಡಿಗ್ರಿ. ತಲೆ ಕುಣಿಸಿದರೆ ಅದು ನಮ್ಮನ್ನು ಅಳೆಯುತ್ತಿದೆ, ಹತ್ತಿರ ಹೋದದ್ದು ಹೆಚ್ಚಾಯಿತು ಎಂದರ್ಥ. ಹತ್ತು ಹೆಜ್ಜೆ ಹಿಂದೆ ಸರಿದು ಕೂತೆವು. ಕುಣಿತ ನಿಂತಿತು. ಒಂದು ಕಣ್ಣು ಅರೆ ಮುಚ್ಚಿ ಕತ್ತು ಚಾಚಿತು, ಇನ್ನೊಂದು ಅದರ ಮುಖದ ಗರಿಗಳನ್ನು ಕೊಕ್ಕಿನ ತುದಿಯಿಂದ ಬಿಡಿಸತೊಡಗಿತು. ಕಣ್ಣಿನ ಸುತ್ತ, ಕಿವಿಯ ಹಿಂದೆ, ನೆತ್ತಿಯ ಮೇಲೆ, ಅಂದರೆ ತನ್ನ ಕೊಕ್ಕು ತನಗೇ ಎಟುಕದ ಜಾಗಗಳಲ್ಲಿ. ಹಕ್ಕಿಯ ಅತಿ ಹರಿತ ಆಯುಧ ಇನ್ನೊಂದರ ಕಣ್ಣಿನ ಅಂಚಿನಲ್ಲಿ ಆಡುತ್ತಿರುತ್ತದೆ, ಆ ಇನ್ನೊಂದು ಕಣ್ಣು ಮುಚ್ಚಿಕೊಂಡಿರುತ್ತದೆ. ಜೋಡಿ ಎಂದರೇನು ಎಂಬುದು ಯಾವ ಕೂಗಿಗಿಂತಲೂ ಇಲ್ಲಿ ಸ್ಪಷ್ಟ ಕಾಣುತ್ತದೆ.

ಕತ್ತಲಾಗುತ್ತಿದ್ದಂತೆ ಇಬ್ಬರೂ ಸೇರಿ ಗದ್ದಲವೆಬ್ಬಿಸಿದವು: ‘ಚಿರ್ರುರ್ರ್ ಚಿರ್ರುರ್ರ್, ಚೀವಕ್ ಚೀವಕ್’. ತೋಪಿನ ಆ ಮೂಲೆಯಿಂದ ನೆರೆಯ ಜೋಡಿಯ ಉತ್ತರ. ವರ್ಷವಿಡೀ ಒಂದೇ ಜಾಗ ಹಿಡಿದು ಬದುಕುವ ಹಕ್ಕಿ, ಸಂಜೆಯ ಗದ್ದಲ ಬೇಲಿಯ ಕೆಲಸವನ್ನೂ ಮಾಡುತ್ತದೆ. ಪೊಟರೆಯನ್ನು ತಾನೇ ಕೊರೆಯಲು ಇದಕ್ಕೆ ಬಾರದು. ಕೊಂಬೆ ಮುರಿದು ಕೊಳೆತು ಆದ ತೂತು, ಇಲ್ಲವೇ ಬೇರೆ ಹಕ್ಕಿ ಕೊರೆದದ್ದು ಸಿಗಬೇಕು. ಮುದಿ ಹುಣಸೆಯನ್ನು ಕಾಯಿ ಕಡಿಮೆಯಾಯಿತೆಂದು ಉರುಳಿಸಿದರೆ ನೂರು ಸಸಿ ನೆಟ್ಟರೂ ಹಾಲಕ್ಕಿಗೆ ಮನೆಯಾಗುವುದಿಲ್ಲ.

ಏಳೂವರೆಯ ಹೊತ್ತಿಗೆ ತೋಪಿನ ನಡುವಿನಿಂದ ‘ಚುಹುವಾ‑ಆ‑ಆ’ ಎಂದು ನಡುಗುವ ಕೂಗು ಬಂತು. ಇಂಗ್ಲಿಷಿನಲ್ಲಿ ಮಾಟಲ್ಡ್ ವುಡ್ ಔಲ್ ಎನ್ನುವ ದೊಡ್ಡ ಗೂಬೆ. ಮಾವು, ಹುಣಸೆ, ಆಲದ ಹಳೆಯ ತೋಪುಗಳೇ ಇದರ ನೆಲೆ. ಮಕ್ಕಳ ‘ಗುಮ್ಮ’ನಿಗೆ ದನಿ ಕೊಟ್ಟರೆ ಹೀಗೇ ಇರಬೇಕು. ಗಂಡು ನಡುಗಿಸಿ ಕೂಗಿದಾಗ ಹೆಣ್ಣು ಒಂದೇ ಒಂದು ಗಿಡ್ಡ ಕೂಗಿನಲ್ಲಿ ಉತ್ತರಿಸಿತು. ಉತ್ತರ ಬಂದ ದಿಕ್ಕಿಗೆ ಗಂಡು ಹಾರಿತು. ಎಲ್ಲಿಂದಲೋ ಒಂದು ಸ್ಕಾಪ್ಸ್ ಎಂಬ ಸಣ್ಣ ಗೂಬೆಯ ‘ವುಟ್... ವುಟ್’ ಕೂಡ ಕೇಳಿಸಿತು. ಅದು ಕಪ್ಪೆಯ ದನಿಯಂತೆ ಇರುವುದರಿಂದ ಹೊಸಬರು ಕಪ್ಪೆಯೆಂದೇ ಬಿಟ್ಟುಬಿಡುತ್ತಾರೆ.

ಆ ಸಂಜೆ ಕೆಟ್ಟದ್ದು ಎಂಟು ಗಂಟೆಗೆ. ಫೋಟೋ ತೆಗೆಯಲು ಬಂದ ಬೇರೊಂದು ಗುಂಪು ಸ್ಪೀಕರಿನಲ್ಲಿ ಆ ದೊಡ್ಡ ಗೂಬೆಯ ಕೂಗು ಹಾಕಿತು. ಗಂಡು ತಕ್ಷಣ ತಲೆಯ ಮೇಲಿನ ಕೊಂಬೆಗೇ ಬಂತು, ಅವರಿಗೆ ಚಿತ್ರ ಸಿಕ್ಕಿತು. ಗೂಬೆಗೆ ಆದದ್ದೇನು? ತನ್ನ ಜಾಗದ ನಟ್ಟನಡುವೆ ಇನ್ನೊಂದು ಗಂಡು ನುಗ್ಗಿದೆ ಎಂದು ಅದು ನಂಬಿತು. ಬೇಟೆ ಬಿಟ್ಟಿತು, ಮುಕ್ಕಾಲು ಗಂಟೆ ಕಾಣದ ಶತ್ರುವನ್ನು ಹುಡುಕಿತು. ಹೆಣ್ಣಿನ ದನಿ ಪೂರಾ ನಿಂತಿತು. ಆ ರಾತ್ರಿಯ ತುತ್ತು ತಪ್ಪಿದ್ದು ಹೆಣ್ಣಿಗೇ. ಕಾವಿನ ಕಾಲವಾಗಿದ್ದರೆ ಮೊಟ್ಟೆಯೂ ತಣ್ಣಗಾಗಬಹುದಿತ್ತು. ಅವರಿಗೆ ಹೋಗಿ ಹೇಳಿದೆವು, ಸ್ಪೀಕರ್ ಆರಿಸಿದರು. ಕೂಗು ಹಾಕಿ ಕರೆಯುವುದು ಬೇಡವೇ ಬೇಡ. ಸೂರ್ಯ ಮುಳುಗುವ ಅರ್ಧ ಗಂಟೆ ಮುಂಚೆ ಬಂದು, ಮರಕ್ಕೆ ಬೆನ್ನು ಕೊಟ್ಟು ಕೂತು, ಟಾರ್ಚಿಗೆ ಎರಡು ಪದರ ಕೆಂಪು ಗಾಜುಕಾಗದ ಕಟ್ಟಿಕೊಂಡರೆ ಅವಾಗಿಯೇ ಬರುತ್ತವೆ.

ಮೂರನೇ ದಿನ: ದುರ್ಗದ ಬಂಡೆಗಳು

ಬೆಳಿಗ್ಗೆ ಜೋಗಿಮಟ್ಟಿ. ದುರ್ಗದ ಚಳಿಗಾಳಿ ಎಂದರೆ ಇಲ್ಲಿಯದೇ. ಗಾಳಿಯಂತ್ರಗಳು ತಿರುಗುವ ಗುಡ್ಡದ ಮೇಲೆ ಗೂಬೆಯ ಕೂಗು ಹಿಡಿಯುವುದು ವ್ಯರ್ಥ ಸಾಹಸವಾಯಿತು. ಕರಡಿ, ಚಿರತೆ ಓಡಾಡುವ ಕಾಡು, ಅರಣ್ಯ ಇಲಾಖೆಯ ಅನುಮತಿಯಿಲ್ಲದೆ, ಕತ್ತಲಾದ ಮೇಲೆ ಇಲ್ಲಿ ಇರಕೂಡದು. ಬೇಗ ಇಳಿದೆವು.

ಕೋಟೆಯ ಬಾಗಿಲು ಸಂಜೆ ಆರಕ್ಕೆ ಮುಚ್ಚುತ್ತದೆ, ಕೊಂಬಿನ ಗೂಬೆ ಬಾಯಿ ಬಿಡುವುದು ಆರೂವರೆಯ ಮೇಲೆ. ಆದ್ದರಿಂದ ಕೂತದ್ದು ಚಂದ್ರವಳ್ಳಿ ಕಡೆಯ ಬಂಡೆಗಳನ್ನು ದೂರದಿಂದ ನೋಡುವಂತೆ, ಊರಂಚಿನ ಹೊಲದಲ್ಲಿ. ಹೊಲದವರು ಹುರಿದ ಶೇಂಗಾ ಕೊಟ್ಟು, “ಗೂಗೆ ಆ ಕೋಡುಗಲ್ಲಿಂದ ಕೂಗ್ತೈತೆ, ದಿನಾ ಅದೇ ಕಲ್ಲು” ಎಂದರು. ಹಳಗನ್ನಡದ ‘ಗೂಗೆ’ ಇಲ್ಲಿನ ಬಾಯಲ್ಲಿ ಇನ್ನೂ ಉಳಿದಿದೆ.

ಚಂದ್ರ ಪೂರ್ವದಲ್ಲಿ ಎದ್ದ, ಪಶ್ಚಿಮ ಇನ್ನೂ ಕೆಂಪಗಿತ್ತು. 6:34ಕ್ಕೆ ಮೊದಲ ‘ಬೂ‑ಬೋ’. ಎರಡನೇ ಅಕ್ಷರ ಉದ್ದ, ತುಂಬು ದನಿ. ಕೋಡುಗಲ್ಲಿನ ತುತ್ತತುದಿಯಲ್ಲಿ ಗಂಡು ಮುಂದಕ್ಕೆ ಬಾಗಿ ನಿಂತಿತ್ತು, ಪ್ರತಿ ಕೂಗಿಗೂ ಗಂಟಲಲ್ಲಿ ಬಿಳಿಯ ಮಚ್ಚೆ ದೀಪ ಹೊತ್ತಿದಂತೆ ಬೆಳಗಿ ಆರುತ್ತಿತ್ತು. ಆ ಬಿಳಿ ಗರಿ ಸುಮ್ಮನಿದ್ದಾಗ ಕಾಣುವುದಿಲ್ಲ, ಗಂಟಲು ಉಬ್ಬಿದಾಗಷ್ಟೇ ತೆರೆದುಕೊಳ್ಳುತ್ತದೆ. ಇರುಳ ಹಕ್ಕಿ ಮುಸ್ಸಂಜೆಯಲ್ಲೇ, ಅದೂ ಬಯಲಾದ ಎತ್ತರದಲ್ಲೇ ಏಕೆ ಕೂಗುತ್ತದೆ ಎಂಬುದಕ್ಕೆ ಉತ್ತರ ಇಲ್ಲಿದೆ. ಕೂಗು ಕಿವಿಗೆ, ಮಚ್ಚೆ ಕಣ್ಣಿಗೆ. ಯುರೋಪಿನ ಕೊಂಬಿನ ಗೂಬೆಗಳಲ್ಲಿ ಈ ಮಚ್ಚೆಯ ಹೊಳಪು ಸಂಕೇತವಾಗಿ ಕೆಲಸ ಮಾಡುವುದನ್ನು ಅಳೆದು ತೋರಿಸಿದ್ದಾರೆ. ಬೆಳದಿಂಗಳಲ್ಲಿ ಹೆಚ್ಚು ಕೂಗುವುದಕ್ಕೂ ಇದು ಹೊಂದುತ್ತದೆ.

ಕೆಳಗಿನ ಸರಿವಿನಿಂದ ಹೆಣ್ಣು ಉತ್ತರಿಸಿತು, ದನಿ ತುಸು ಮೇಲಿನ ಸ್ಥಾಯಿಯಲ್ಲಿ. ಹೆಣ್ಣು ಗಾತ್ರದಲ್ಲಿ ಗಂಡಿಗಿಂತ ದೊಡ್ಡದು, ದನಿ ಮಾತ್ರ ಗಂಡಿನದೇ ತಗ್ಗು. ದೊಡ್ಡ ಹಕ್ಕಿಯ ದನಿ ತಗ್ಗಿರಬೇಕೆಂಬ ಲೆಕ್ಕದಲ್ಲಿ ಗಂಡು ಹೆಣ್ಣು ಅದಲುಬದಲಾಗಿ ಬರೆದುಕೊಂಡ ಟಿಪ್ಪಣಿಗಳು ಬಹಳ. ತಗ್ಗಿನ ದನಿ ಬಂಡೆ ಮರಗಳನ್ನು ಬಳಸಿಕೊಂಡು ದೂರ ಸಾಗುತ್ತದೆ, ಕಣಜ ಗೂಬೆಯ ಕಿರುಚಿನಂತೆ ಅಡ್ಡ ಸಿಕ್ಕಿದ್ದಕ್ಕೆ ಬಡಿದು ಸವೆಯುವುದಿಲ್ಲ. ಅದೇ ಕಾರಣಕ್ಕೆ ಕೂಗಿದ ಜಾಗ ಗುರುತಿಸುವುದು ಕಷ್ಟ. ಇಬ್ಬರು 300 ಮೀಟರ್ ಅಂತರದಲ್ಲಿ ಕೂತು, ಗಡಿಯಾರ ಒಂದೇ ಮಾಡಿಕೊಂಡು, ಒಂದೇ ಕೂಗಿಗೆ ದಿಕ್ಸೂಚಿಯ ಡಿಗ್ರಿ ಬರೆದುಕೊಂಡು, ನಕ್ಷೆಯ ಮೇಲೆ ಎರಡು ಗೆರೆ ಎಳೆದರೆ ಕೂಡುವ ಕಡೆ ಗೂಬೆ ಇರುತ್ತದೆ. ಫೋನಿನ ದಿಕ್ಸೂಚಿಯಾದರೆ ಅಯಸ್ಕಾಂತವಿರುವ ಕವಚ ತೆಗೆಯಬೇಕು, ಬೈಕಿನಿಂದ ದೂರ ನಿಲ್ಲಬೇಕು.

ಅವತ್ತಿನ ಎಡವಟ್ಟು ರೆಕಾರ್ಡರಿನದು. ಬೆಳಿಗ್ಗೆ ಜೋಗಿಮಟ್ಟಿಯ ಗಾಳಿಗೆಂದು ಹಾಕಿದ ಲೋ‑ಕಟ್ ಹಾಗೇ ಉಳಿದಿತ್ತು. ಅದು ತಗ್ಗಿನ ಸದ್ದುಗಳನ್ನು ಕಡಿಯುವ ಗುಂಡಿ. ಕೊಂಬಿನ ಗೂಬೆಯ ದನಿ ಇರುವುದೇ ಆ ತಗ್ಗಿನಲ್ಲಿ, ಕೆಲವೇ ನೂರು ಹರ್ಟ್ಸ್‌ಗಳಲ್ಲಿ. ನಲವತ್ತು ನಿಮಿಷದ ದನಿಮುದ್ರಣದಲ್ಲಿ ಜೀರುಂಡೆ ಚೆನ್ನಾಗಿತ್ತು, ದೂರದ ನಾಯಿ ಚೆನ್ನಾಗಿತ್ತು, ಗೂಬೆ ಎಲ್ಲೋ ಗೋಡೆಯಾಚೆ ಕೆಮ್ಮಿದಂತಿತ್ತು. ಲೋ‑ಕಟ್ ಆರಿಸಿ, ಮೈಕಿಗೆ ತುಪ್ಪಳದ ಟೋಪಿ ಹಾಕಿ, ದನಿಯನ್ನು ಕುಗ್ಗಿಸದ ಡಬ್ಲ್ಯೂಎವಿ (WAV) ಕಡತವಾಗಿ ಉಳಿಸಬೇಕು. ಕೆಲವು ಫೋನುಗಳು ಗದ್ದಲ ತಗ್ಗಿಸುತ್ತೇವೆಂದು ಗೂಬೆಯನ್ನೇ ಅಳಿಸಿಬಿಡುತ್ತವೆ.

7:20ರ ಹೊತ್ತಿಗೆ ಎರಡೂ ಕೂಗು ಹತ್ತಿರ ಸರಿದವು, ಒಂದರ ಮೇಲೊಂದು ಬಿದ್ದವು, ಆಮೇಲೆ ಜೋರು ಕೂಗೇ ನಿಂತು ಕೊಕ್ಕಿನ ಟಕಟಕ, ಗಂಟಲೊಳಗಿನ ಗುಣುಗು ಗಾಳಿಯಲ್ಲಿ ತೇಲಿಬಂದವು. ಈ ಗೂಬೆ ಗೂಡು ಕಟ್ಟುವುದಿಲ್ಲ. ಬಂಡೆಯ ಚಾಚಿನ ಕೆಳಗೆ ಬರಿ ಮಣ್ಣಿನಲ್ಲಿ ತಗ್ಗು ಮಾಡಿ ಮೊಟ್ಟೆಯಿಡುತ್ತದೆ. ಇದರ ಯುರೋಪಿನ ನಂಟರಲ್ಲಿ ಗಂಡೇ ನೆಲ ಕೆರೆದು, ಗಿಡ್ಡ ದನಿಯಲ್ಲಿ ಗುಣುಗುತ್ತ ಜಾಗ ತೋರಿಸುತ್ತದೆ, ಒಪ್ಪುವುದು ಬಿಡುವುದು ಹೆಣ್ಣಿನ ಮಾತು. ಜಾಗ ಒಗ್ಗಿದರೆ ವರ್ಷ ವರ್ಷವೂ ಅಲ್ಲೇ. ಬರಿ ನೆಲದ ಗೂಡಾದ್ದರಿಂದ ಬಂಡೆ ಹತ್ತಿ ಹುಡುಕುವವರ ಕಾಲಿಗೇ ಮೊಟ್ಟೆ ಸಿಗುತ್ತದೆ. ಕೊಂಬಿನ ಗೂಬೆ ಎದುರಿಗೇ ಅಡ್ಡಾದಿಡ್ಡಿ ಹಾರಿ ಸ್ವಲ್ಪ ದೂರ ಕೂತು ಮತ್ತೆ ಹಾರಿದರೆ, ಅದು ಗೂಡಿನಿಂದ ನಮ್ಮನ್ನು ದೂರ ಎಳೆಯುತ್ತಿದೆ. ಬಂದ ದಾರಿಯಲ್ಲೇ ಹಿಂದಿರುಗಬೇಕು, ಸುತ್ತು ಹಾಕಬಾರದು.

ಹೊಲದವರು ಇನ್ನೊಂದು ಮಾತು ಹೇಳಿದರು: “ಶಿವರಾತ್ರಿ ಕಳೀತಿದ್ದಂಗೆ ಕೂಗೋದೇ ನಿಲ್ಸಿ ಎಲ್ಗೋ ಹೋಗ್ಬಿಡ್ತಾವೆ.” ಹೋಗುವುದಿಲ್ಲ. ಮೊಟ್ಟೆಯಿಟ್ಟ ಮೇಲೆ ಕರೆಯುವ ಕೆಲಸ ಮುಗಿಯಿತು. ಹೆಣ್ಣು ಒಂದು ತಿಂಗಳ ಮೇಲೆ ಕಾವಿನಲ್ಲೇ ಇರುತ್ತದೆ, ಗಂಡು ಸದ್ದಿಲ್ಲದೆ ತುತ್ತು ತರುತ್ತದೆ. ಕೂಗು ನಿಂತ ಬಂಡೆಯ ಕಡೆಗೇ ಆಗ ಯಾರೂ ಹೋಗಬಾರದು. ದೀಪಾವಳಿಯ ಮಾಟಮಂತ್ರಕ್ಕೆ ಗೂಬೆ ಹಿಡಿಯುವವರು ಹುಡುಕುವುದೂ ಹೀಗೆ ಕೂಗಿನ ಜಾಡಿನಿಂದಲೇ. ಆದ್ದರಿಂದ ಕೋಡುಗಲ್ಲು ಯಾವುದೆಂದು ಇಲ್ಲಿ ಬರೆದಿಲ್ಲ. ಗೂಬೆ ಹಿಡಿಯುವುದು, ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅಪರಾಧ.

ನಾಲ್ಕನೇ ದಿನ: ಬೆಳಗಿನ ಜಾವ

ಐದೂಕಾಲಿಗೆ ಅದೇ ಹೊಲ. ಹುಣ್ಣಿಮೆಯ ಚಂದ್ರ ಪಶ್ಚಿಮಕ್ಕೆ ಇಳಿದಿದ್ದ, ಗಾಳಿ ಪೂರಾ ಬಿದ್ದಿತ್ತು. ಗೂಬೆ ಕೇಳಲು ಸಂಜೆಗಿಂತ ಬೆಳಗಿನ ಜಾವವೇ ಮೇಲು. ಊರು ಮಲಗಿರುತ್ತದೆ, ಟ್ರಾಕ್ಟರುಗಳಿರುವುದಿಲ್ಲ. ಕೈಬೆರಳು ಮಾತ್ರ ಮರಗಟ್ಟುತ್ತದೆ, ಬರೆಯಲು ಪೆನ್ನಿಗಿಂತ ಪೆನ್ಸಿಲ್ ಒಳ್ಳೆಯದು.

6:05ರಿಂದ ಗಂಡು ಕೂಗಿತು, ಸುಮಾರು ಹತ್ತು ಸೆಕೆಂಡಿಗೊಮ್ಮೆ. ಹೆಣ್ಣು ಉತ್ತರಿಸಲಿಲ್ಲ. 6:20ಕ್ಕೆ ಕೋಡುಗಲ್ಲು ಖಾಲಿ. ಕುರಿ ಹಟ್ಟಿಯ ಕಡೆ ನಾಯಿ ಒಮ್ಮೆ ಬೊಗಳಿ ಸುಮ್ಮನಾಯಿತು. ಇನ್ನು ಹೊರಡೋಣ ಎನ್ನುವಷ್ಟರಲ್ಲಿ ಬಂಡೆಯ ಕೆಳಗಿನ ಚಾಚಿನ ಮೇಲೆ ಎರಡು ಆಕೃತಿ. ಗಂಡಿನ ಕೊಕ್ಕಿನಲ್ಲಿ ದೊಡ್ಡದೊಂದು ಹೆಗ್ಗಣ, ಬಾಲ ಕೆಳಗೆ ಜೋತಾಡುತ್ತಿತ್ತು. ಅದು ತಲೆ ತಗ್ಗಿಸಿತು. ಹೆಣ್ಣು ಮೈಗರಿ ಉಬ್ಬಿಸಿ ಎರಡು ಹೆಜ್ಜೆ ನಡೆದು ಬಂದು ಹೆಗ್ಗಣದ ಕತ್ತು ಹಿಡಿಯಿತು. ಗಂಡು ತಕ್ಷಣ ಬಿಡಲಿಲ್ಲ. ಒಂದು ಕ್ಷಣ ಎರಡೂ ಹಿಡಿದುಕೊಂಡೇ ನಿಂತವು, ಆಮೇಲೆ ಬಿಟ್ಟಿತು.

ಹೆಣ್ಣು ಅದನ್ನು ಕಚ್ಚಿಕೊಂಡು, ನಡೆದುಕೊಂಡೇ, ಚಾಚಿನ ನೆರಳಿಗೆ ಹೋಯಿತು. ಟಿಪ್ಪಣಿ ಪುಸ್ತಕದಲ್ಲಿ ಕೊನೆಯ ಸಾಲು: 6:31, ತುತ್ತು ಕೈಬದಲು, ಕೂಗು ಇಲ್ಲ.